ಆಯಿಯ ಲಿಂಗ ಸ್ವಿಟ್ಜರ್‌ಲ್ಯಾಂಡಿಗೆ ಹೋದದ್ದು

ಮೊದಲೇ ಹೇಳಿಬಿಡುತ್ತೇನೆ, ಆ ಬೇಸಿಗೆಯಲ್ಲಿ ನನಗೆ ಹೊಟ್ಟೆ ಉರಿದಿತ್ತು. ಪಾಸ್‌ಪೋರ್ಟ್ ಮಾಡಿಸಿ ವರ್ಷಗಟ್ಟಲೆ ತಿಜೋರಿಯಲ್ಲಿಟ್ಟುಕೊಂಡು ಕೂತವಳು ನಾನು. ಅದರೊಳಗೆ ಒಂದು ಠಸ್ಸೆಯೂ ಬಿದ್ದಿರಲಿಲ್ಲ. ಸೊಲ್ಲಾಪುರ, ಶ್ರೀಶೈಲ ಬಿಟ್ಟು ಆಚೆಯ ಊರು ಕಾಣದ ನನ್ನ ಅತ್ತೆ ಮಾತ್ರ ಹಿಮದ ಗುಡ್ಡ ನೋಡಲು ಹೊರಟು ನಿಂತಿದ್ದರು. ನನಗೆ ಅವರ ಚೀಲ ತುಂಬುವ ಕೆಲಸ.

ನಮ್ಮದು ಇಳಕಲ್ಲಿನಲ್ಲಿ ಸೀರೆ ಅಂಗಡಿ. ಮಾವನ ಜೊತೆಯ ಬಟ್ಟೆ ವ್ಯಾಪಾರಿಗಳೆಲ್ಲ ಸೇರಿ, ಗಂಡ ಹೆಂಡಿರು ಜೋಡಿಯಾಗಿ ಯುರೋಪು ತಿರುಗಿ ಬರುವುದೆಂದು ಠರಾಯಿಸಿದ್ದರು. ಲಗ್ನದ ಹಂಗಾಮು, ಅಂಗಡಿ ಬಿಡಲಾಗದು ಎಂದು ನಮ್ಮ ಮನೆಯವರು ಉಳಿದರು. ಆಯಿಯನ್ನು ನೋಡಿಕೊಳ್ಳಬೇಕೆಂದು ನಾನು ಉಳಿದೆ. ಆಯಿ ಎಂದರೆ ಮಾವನ ತಾಯಿ. ಎಂಬತ್ತು ದಾಟಿದ ಜೀವ, ಕಣ್ಣು ಮಂದ, ಬಾಯಿ ಮಾತ್ರ ಇನ್ನೂ ಹೊಸ ಕತ್ತರಿ. ಪ್ರತಿ ವರ್ಷ ಸೂಟಿ ಬಿದ್ದ ಮರುದಿನವೇ ನಾನು ಮಗಳನ್ನು ಕರೆದುಕೊಂಡು ಬಾಗಲಕೋಟೆಯ ವಿದ್ಯಾಗಿರಿಗೆ, ನನ್ನ ತವರಿಗೆ ಹೋಗುವ ಪದ್ಧತಿ. ಆ ವರ್ಷ ಮಗಳೊಬ್ಬಳನ್ನೇ ಕಳಿಸಿದೆ. ಅವಳು ಬಸ್ಸಿನ ಕಿಟಕಿಯಿಂದ ಕೈ ಬೀಸಿ ಹೋದ ಮೇಲೆ ಮನೆಯಲ್ಲಿ ಮಾತಾಡಲು ಸಿಕ್ಕುವವರು ಆಯಿ ಮತ್ತು ಫ್ಯಾನು, ಅದರಲ್ಲಿ ಫ್ಯಾನು ಅರ್ಧ ದಿನ ಇರುತ್ತಿರಲಿಲ್ಲ.

ನಾನು ಹುನಗುಂದದ ಕಾಲೇಜಿನಲ್ಲಿ ಪಾಠ ಹೇಳುವವಳು. ವರ್ಷವಿಡೀ ಬಸ್ಸಿನಲ್ಲಿ ಹೋಗಿ ಬಂದು ಮಾಡುವ ಕಾಲುಗಳು ಸೂಟಿಯಲ್ಲಿ ಸುಮ್ಮನಿರಲು ಒಲ್ಲೆನ್ನುತ್ತವೆ. ಕೂತರೆ ನಿಲ್ಲಬೇಕು, ನಿಂತರೆ ಕೂಡಬೇಕು. ಪಡಸಾಲೆಯ ಕೆಂಪು ಕಲ್ಲಿನ ನೆಲ ಮಧ್ಯಾಹ್ನಕ್ಕೆ ಹಂಚಾಗುತ್ತಿತ್ತು. ಓಣಿಯಲ್ಲಿ ಮಗ್ಗದ ಸಪ್ಪಳ ಕರೆಂಟಿನ ಸಂಗಡ ಬರುತ್ತಿತ್ತು, ಕರೆಂಟಿನ ಸಂಗಡ ಹೋಗುತ್ತಿತ್ತು. ಆ ಸಪ್ಪಳ ನಿಂತಾಗ ಸಮಾಧಾನವಾಗಬೇಕಲ್ಲ, ಇಲ್ಲ, ಇನ್ನಷ್ಟು ಕಸಿವಿಸಿ.

ಅತ್ತೆ ಹೊರಡುವ ತಿಂಗಳ ಮೊದಲೇ ತಯಾರಿ ಶುರು ಮಾಡಿದ್ದರು. ಅವರ ತವರು ಗುಳೇದಗುಡ್ಡ, ಖಣ ನೇಯುವ ಮನೆ. ಅಲ್ಲಿಂದ ಹೊಸ ಖಣ ತರಿಸಿ ಕುಪ್ಪಸ ಹೊಲಿಸಿಕೊಂಡರು. ಬೂಟು ಹಾಕಿಕೊಂಡು ನಡೆಯುವ ರೂಢಿಯಾಗಲೆಂದು ನಸುಕಿನಲ್ಲಿ ಮಾಳಿಗೆ ಹತ್ತಿ, ಇಳಕಲ್ ಸೀರೆಯ ಕೆಳಗೆ ಬಿಳಿ ಬೂಟು ಹಾಕಿ, ಈ ತುದಿಯಿಂದ ಆ ತುದಿಗೆ ತಿರುಗುತ್ತಿದ್ದರು. ಕೆಳಗೆ ಮಲಗಿದ ಆಯಿಗೆ ಆ ಸಪ್ಪಳ ಕೇಳುತ್ತಿತ್ತು.

"ಕುದುರಿಗೆ ನಾಲಾ ಬಡದಂಗ ಬಡಕೊಂಡಾಳ ನೋಡು," ಎನ್ನುತ್ತಿದ್ದಳು ಆಯಿ. "ಅಲ್ಲಿ ಹೋಗಿ ಯಾವ ಓಟದಾಗ ಓಡ್ತಾಳಂತ?"

"ಕೇಳಸ್ತೈತ್ರಿ ನನಗ," ಎಂದು ಮೇಲಿಂದ ಅತ್ತೆ.

"ಕೇಳಸ್ಲಂತನ ಅಂದೇನಿ."

ಇವರಿಬ್ಬರದು ಹೀಗೆಯೇ. ಮದುವೆಯಾಗಿ ಬಂದ ದಿನದಿಂದ ನಾನು ಇವರ ನಡುವೆ ಒಂದು ಮೆತ್ತಗಿನ ಮಾತು ಕೇಳಿದವಳಲ್ಲ. ಉಪ್ಪಿನಕಾಯಿಗೆ ಹಿಂಗು ಹೆಚ್ಚಾಯಿತೆಂದು ಒಬ್ಬರು, ಕಡಿಮೆಯಾಯಿತೆಂದು ಇನ್ನೊಬ್ಬರು. ಹಾಗೆಂದು ಒಬ್ಬರನ್ನು ಬಿಟ್ಟು ಒಬ್ಬರು ಇದ್ದವರೂ ಅಲ್ಲ. ಹೆರಿಗೆಗೆ ತವರಿಗೆ ಹೋದದ್ದು ಬಿಟ್ಟರೆ ಅತ್ತೆ ಆಯಿಯನ್ನು ಬಿಟ್ಟು ಬೇರೆ ಕಡೆ ಹೆಚ್ಚು ದಿನ ಇದ್ದದ್ದೇ ಇಲ್ಲವಂತೆ. ಇದನ್ನು ಪ್ರೀತಿ ಎನ್ನುವಷ್ಟು ನಾನು ದಡ್ಡಿಯಾಗಿರಲಿಲ್ಲ. ರೂಢಿ ಅಂದುಕೊಂಡಿದ್ದೆ.

ನಮ್ಮದು ಲಿಂಗ ಕಟ್ಟುವ ಮನೆತನ. ನನ್ನದು, ನಮ್ಮ ಮನೆಯವರದು ಅಷ್ಟಕ್ಕಷ್ಟೇ, ಕೊರಳಲ್ಲಿ ಇದ್ದರೆ ಇತ್ತು. ಆಯಿ ಮತ್ತು ಅತ್ತೆಯದು ಹಾಗಲ್ಲ. ಬೆಳಿಗ್ಗೆ ಜಳಕ ಮಾಡಿ, ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡದ ಹೊರತು ಬಾಯಿಗೆ ಅಗುಳು ಹೋಗುವುದಿಲ್ಲ. ಅತ್ತೆಯ ಲಿಂಗ ಬೆಳ್ಳಿಯ ಗುಂಡಗಡಿಗೆಯಲ್ಲಿ ಇರುತ್ತಿತ್ತು. ಆಯಿ ಮಾತ್ರ ಕುತ್ತಿಗೆಗೆ ಭಾರವೆಂದು ಎಷ್ಟೋ ವರ್ಷಗಳ ಹಿಂದೆಯೇ ಬೆಳ್ಳಿ ಬಿಟ್ಟು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡಿದ್ದಳು.

ಹೊರಡುವ ವಾರ, ಹಿಂದೊಮ್ಮೆ ದುಬೈ ನೋಡಿ ಬಂದಿದ್ದ ಪಕ್ಕದ ಅಂಗಡಿಯವರು ಚಹಾಕ್ಕೆ ಬಂದವರು ಸುಮ್ಮನೆ ಕುಡಿದು ಹೋಗಬಾರದೆ? "ವಿಮಾನ ಹತ್ತೂ ಮುಂದ ಬೆಳ್ಳಿ ಇದ್ರ ಮಷೀನ್ ಒದರತೈತ್ರಿ. ಬಿಚ್ಚಸ್ತಾರ. ಬಿಚ್ಚಿಸಿ, ಬೂಟಿನ ಸಂಗಡ ಒಂದ ಬುಟ್ಟ್ಯಾಗ ಹಾಕಸ್ತಾರ," ಎಂದರು.

ಬೂಟಿನ ಸಂಗಡ ಲಿಂಗ! ಅತ್ತೆಯ ಮುಖ ಸಣ್ಣದಾಯಿತು. ಹೋಗುವುದೇ ಬೇಡ ಎನ್ನುವವರೆಗೆ ಬಂದರು. ಆಗ ಆಯಿ ಗೊಣಗುತ್ತಲೇ ಎದ್ದು, ತನ್ನ ಟ್ರಂಕಿನಿಂದ ಹಳೆಯ ಬಿಳಿ ಬಟ್ಟೆ ತೆಗೆದು, ಹಲ್ಲಿನಿಂದ ಕಚ್ಚಿ ಟರ್ರನೆ ಒಂದು ತುಂಡು ಹರಿದು ಸೊಸೆಯ ಮುಂದೆ ಒಗೆದಳು. "ನನ್ನಂಗ ಅರಿವ್ಯಾಗ ಕಟಗೋ. ಅರಿವಿ ಕಂಡು ಯಾವ ಮಷೀನೂ ಒದರೂದಿಲ್ಲ." ತನ್ನ ಗಂಟಿನ ಬಟ್ಟೆಯೂ ಅದರದ್ದೇ ತುಂಡು. ಬೆಳ್ಳಿಯ ಗುಂಡಗಡಿಗೆ ತಿಜೋರಿ ಸೇರಿತು. ಹೀಗೆ ಮನೆಯಲ್ಲಿ ಒಂದೇ ಬಟ್ಟೆಯ, ಒಂದೇ ಗಾತ್ರದ ಎರಡು ಗಂಟುಗಳಾದವು.

ಹೊರಡುವ ದಿನ ಬೆಳಿಗ್ಗೆ ಇಬ್ಬರೂ ದೇವರ ಜಗಲಿಯ ಮುಂದೆ ಒಂದೇ ಚಾಪೆಯ ಮೇಲೆ ಪೂಜೆಗೆ ಕೂತರು. ಪೂಜೆ ಮುಗಿಯಿತು. ದೂರದ ದಾರಿ, ಹಳೆಯ ಶಿವದಾರ ಹರಿದೀತು, ಹೊಸದು ಹಾಕಿಕೋ ಎಂದಳು ಆಯಿ. ಹಾಗಾದರೆ ನಿಮಗೂ ಹೊಸದು ಹಾಕೋಣ ಎಂದರು ಅತ್ತೆ. ಎರಡೂ ಗಂಟುಗಳು ಹಳೆಯ ದಾರ ಕಳಚಿ ವಿಭೂತಿಯ ತಟ್ಟೆಯಲ್ಲಿ ಪಕ್ಕಪಕ್ಕ ಕೂತವು. ಅದೇ ಹೊತ್ತಿಗೆ ಹೊರಗೆ ಕ್ರೂಸರ್ ಗಾಡಿಯ ಹಾರ್ನು. "ಲಗೂ ಬಾ, ವಿಮಾನ ಏನ್ ನಿಮ್ಮಪ್ಪಂದಲ್ಲ, ನಿಂದರಾಕ!" ಎಂದು ಮಾವನ ಕೂಗು. ಇಬ್ಬರೂ ಗಡಬಡಿಸಿ ಕೈಗೆ ಬಂದ ಗಂಟಿಗೆ ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡರು. ಅತ್ತೆ ಆಯಿಯ ಕಾಲು ಮುಟ್ಟಿದರು. ಆಯಿ, "ಬರ್ಫದ ಮ್ಯಾಲ ಜಾರಿ ಬಿದ್ದಿ, ಸೊಂಟಾ ಮುರಕೊಂಡು ಬಂದ್ರ ನಾ ಮಾಡಾಕಿಯಲ್ಲ," ಎಂದು ಆಶೀರ್ವಾದ ಮಾಡಿದಳು. ಗಾಡಿ ಹುಬ್ಬಳ್ಳಿಯ ದಾರಿ ಹಿಡಿಯಿತು. ನಾನು ಗೇಟು ಹಾಕಿ ಒಳಗೆ ಬಂದು ಖಾಲಿ ಪಡಸಾಲೆಯಲ್ಲಿ ಸುಮ್ಮನೆ ಎರಡು ಸುತ್ತು ಹಾಕಿದೆ.

ಮರುದಿನ ನಾನು ಒಲೆಯ ಮುಂದೆ ಇದ್ದೆ. ಜಗಲಿಯ ಕಡೆಯಿಂದ ಆಯಿಯ ದನಿ ಬಂತು.

"ಯವ್ವಾ, ಇದು ನಂದಲ್ಲ."

ಹೋಗಿ ನೋಡಿದೆ. ಬಟ್ಟೆ ಬಿಚ್ಚಿ ತೊಡೆಯ ಮೇಲಿತ್ತು. ಎಡಗೈಯಲ್ಲಿ ಲಿಂಗ. ಹೆಬ್ಬೆಟ್ಟಿನಿಂದ ಅದನ್ನು ಸವರುತ್ತ, ಮತ್ತೆ ಸವರುತ್ತ ಕೂತಿದ್ದಳು. ನನ್ನ ಕಣ್ಣಿಗೆ ಎಲ್ಲ ಲಿಂಗವೂ ಒಂದೇ, ಕಪ್ಪಗೆ, ನುಣ್ಣಗೆ. ಅದನ್ನೇ ಹೇಳಿದೆ.

"ಕಣ್ಣಿನ ಮಾತಲ್ಲ ಇದು," ಎಂದಳು. "ನಂದಕ್ಕ ಹೆಬ್ಬೆಟ್ಟು ಬರೋಬರಿ ಕೂಡ್ತೈತಿ. ಸಣ್ಣಾಕಿ ಇದ್ದಾಗ, ಪರಕಾರ ಉಡೂವಾಗ ಗುರುಗಳು ಕೈಯಾಗ ಇಟ್ಟಿದ್ದು, ಹಿಡಿದು ಹಿಡಿದು ಸವದೈತಿ. ಇದರಾಗ ಕೂಡವಲ್ದು. ಇದು ನಿಮ್ಮತ್ತಿದು."

ಅಷ್ಟು ಹೇಳಿ ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ, ಕಣ್ಣಿಗೆ ಒತ್ತಿಕೊಂಡು, ಜಗಲಿಯ ಮೇಲಿಟ್ಟಳು. ಎದ್ದು ಹೋಗಿ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದಳು. ನಾನು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ತಂದಿಟ್ಟೆ. ಮುಟ್ಟಲಿಲ್ಲ. ಬಿಪಿಯ ಗುಳಿಗೆಯನ್ನಷ್ಟೇ ನೀರಿನ ಸಂಗಡ ನುಂಗಿದಳು. "ಗುಳಿಗಿ ಡಾಕ್ಟರಂದು, ನುಂಗ್ತೇನಿ. ಊಟ ಅವಂದು," ಎಂದು ಜಗಲಿಯ ಕಡೆ ಬೆರಳು ಮಾಡಿದಳು.

ನಾನು ಅಂಗಡಿಗೆ ಫೋನು ಮಾಡಿದೆ. ನಮ್ಮ ಮನೆಯವರು ಲಗ್ನದ ಗಿರಾಕಿಗಳನ್ನು ಬಿಟ್ಟು ಓಡಿಬಂದರು. ವಿಷಯ ಕೇಳಿ ಮೊದಲು ನಕ್ಕರು, ಆಯಿಯ ಮುಖ ನೋಡಿ ನಗು ನುಂಗಿದರು. ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು, "ಅವ್ವಗ ಮಾತ್ರ ಹೇಳಬ್ಯಾಡ."

"ಯಾಕ್ರಿ?"

"ಗೊತ್ತಾತಂದ್ರ ಮುಂದಿನ ವಿಮಾನಕ್ಕ ತಿರುಗಿ ಬರ್ತಾಳ. ಜಲ್ಮದಾಗ ಒಮ್ಮೆ ಹೋಗ್ಯಾಳ. ಮಾಳಗಿ ಮ್ಯಾಲ ಬೂಟು ಹಾಕ್ಕೊಂಡು ತಿರುಗೂದು ನೋಡೀಯಿಲ್ಲ?"

ನೋಡಿದ್ದೆ. ಅದಕ್ಕೇ ಬಾಯಿ ಮುಚ್ಚಿಕೊಂಡೆ. ಆದರೆ ಇವರು ಬುದ್ಧಿ ಹೇಳಿ ಅಂಗಡಿಗೆ ಹೋಗಿಬಿಡುತ್ತಾರೆ, ಉಪವಾಸ ಬಿದ್ದ ಮುದುಕಿಯ ಮುಂದೆ ದಿನವಿಡೀ ಕೂಡುವವಳು ನಾನಲ್ಲವೆ? ಅತ್ತ ದರಿ, ಇತ್ತ ಪುಲಿ. ಮಂಚದ ಹತ್ತಿರ ಹೋಗಿ ನಿಲ್ಲುತ್ತಿದ್ದೆ, ಆಯಿಯ ಹೊಟ್ಟೆ ಮೇಲೆ ಕೆಳಗೆ ಆಗುವುದನ್ನು ನೋಡುತ್ತಿದ್ದೆ, ಅಂಗಳಕ್ಕೆ ಹೋಗುತ್ತಿದ್ದೆ, ಬಿಸಿಲಿಗೆ ಹೆದರಿ ಒಳಗೆ ಬರುತ್ತಿದ್ದೆ. ಒಮ್ಮೆ ಕಾಲೇಜಿನ ಉತ್ತರಪತ್ರಿಕೆ ತಿದ್ದಲು ಕೂತೆ. ಒಬ್ಬನಿಗೆ ಅಂಕ ಕೊಡುವುದನ್ನೇ ಮರೆತು ಮುಂದಿನದಕ್ಕೆ ಹೋದೆ.

ಮಠದ ಅಯ್ಯನವರನ್ನು ಕರೆಸಿದೆವು. ಒಳ್ಳೆಯ ಮನುಷ್ಯ, ಆಯಿಗಿಂತ ಎಷ್ಟೋ ಚಿಕ್ಕವರು. ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಕಳೆದುಹೋದರೆ, ಭಿನ್ನವಾದರೆ ಹೊಸ ಲಿಂಗ ಕಟ್ಟುವುದುಂಟು ಎಂದು ಸಮಾಧಾನವಾಗಿ ತಿಳಿಹೇಳಿದರು. "ನಾಳೆ ನಸುಕಿನ್ಯಾಗ ಬಂದು ಹೊಸಾದು ಕಟ್ತೇನ್ರಿ. ಉಂಡು ಆರಾಮ ಇರ್ರಿ."

ಆಯಿ ಸೆರಗು ಹೊದ್ದು ಎದ್ದು ಕೂತು ನಮಸ್ಕಾರ ಮಾಡಿದಳು. ಆಮೇಲೆ ಕೇಳಿದಳು, "ನೀವ ಹೇಳ್ತೀರಿ, ಲಿಂಗ ಗಂಡ, ನಾವೆಲ್ಲಾ ಹೆಂಡರು ಅಂತ. ಹೌದಲ್ರಿ?"

"ಹೌದ್ರಿ."

"ಗಂಡ ಫಾರಿನ್ನಿಗೆ ಹೋಗ್ಯಾನಂತ ಇನ್ನೊಬ್ಬನ್ನ ಮಾಡ್ಕೊಂತಾರೇನ್ರಿ, ಅಯ್ಯನವರ?"

ಅಯ್ಯನವರು ನಗು ತಡೆಯಲಾರದೆ ಕೆಮ್ಮಿದರು. ಕಳೆದಿಲ್ಲ, ಭಿನ್ನವಾಗಿಲ್ಲ, ಊರಿಗೆ ಹೋಗಿದೆ, ಅಷ್ಟೇ. ಕೊನೆಗೆ ಮಜ್ಜಿಗೆ ಕುಡಿದರೆ ಅದು ಊಟದ ಲೆಕ್ಕಕ್ಕೆ ಬರುವುದಿಲ್ಲ ಎಂದು ಒಪ್ಪಿಸಿ ಹೋದರು. ಅದೇ ದೊಡ್ಡ ಉಪಕಾರ. ನಮ್ಮ ಮನೆಯವರು ಇನ್ನೊಂದು ಉಪಾಯ ತೆಗೆದರು, ಅಲ್ಲಿಂದ ಕೊರಿಯರ್ ಮಾಡಿಸಿದರೆ ಹೇಗೆ ಎಂದು. "ನನ್ನ ದೇವರನ್ನ ಟಪಾಲಿಗೆ ಹಾಕ್ತಿಯೇನಲೇ?" ಎಂದು ಆಯಿ ಮೊಮ್ಮಗನಿಗೆ ಬೈದಳು. ಬೈಯುವ ಶಕ್ತಿ ಇದೆಯಲ್ಲ ಎಂದು ನನಗೆ ಆ ಹೊತ್ತಿಗೆ ಸಮಾಧಾನವಾಯಿತು.

ಆ ಕಡೆ ಫೋಟೋಗಳು ಬರುತ್ತಿದ್ದವು. ಮಾವನಿಗೆ ಹೊಸ ಹುರುಪು. ಸರೋವರ, ಗಂಟೆಯ ಗೋಪುರ, ದಪ್ಪ ದಪ್ಪ ಆಕಳು, ಎಲ್ಲದರ ಮುಂದೆ ಅತ್ತೆ. ಇಳಕಲ್ ಸೀರೆಯ ಮೇಲೆ ಸ್ವೆಟರು, ಕಾಲಲ್ಲಿ ಬಿಳಿ ಬೂಟು, ತಲೆಯ ಮೇಲೆ ಸೆರಗು. ಒಂದರಲ್ಲಿಯೂ ನಗು ಇಲ್ಲ. ಬಲಗೈ ಎದೆಯ ಮೇಲೆ. ನಾನು ಇಲ್ಲಿ ಬೆವರು ಒರೆಸಿಕೊಳ್ಳುತ್ತ, ಚಳಿ ಹತ್ತಿರಬೇಕು ಎಂದುಕೊಂಡೆ. ಹಿಮದ ನಡುವೆ ನಿಂತು ಮುಖ ಸಿಂಡರಿಸುವುದಾದರೆ ನನ್ನನ್ನಾದರೂ ಕಳಿಸಬಾರದಿತ್ತೆ ಎಂದೂ ಅಂದುಕೊಂಡೆ.

ಮಾವ ಫೋನು ಮಾಡಿದಾಗ ಆಯಿ ಹೇಗಿದ್ದಾಳೆ ಎಂದು ಕೇಳುತ್ತಿದ್ದರು. ಆರಾಮ ಇದ್ದಾರೆ ಎನ್ನುತ್ತಿದ್ದೆ. ಆ ಸುಳ್ಳು ಹೇಳುವಾಗ ಆಯಿ ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ಸೊಸೆಗೆ ತಿಳಿಸು ಎಂದು ಅವಳೂ ಒಮ್ಮೆಯೂ ಹೇಳಲಿಲ್ಲ. ಒಂದು ದಿನ ಮಾವ ಅಂದರು, "ನಿಮ್ಮತ್ತಿದು ಭಾಳ ತ್ರಾಸ ಆಗೇದವಾ. ಬರೇ ಬಾಳಿಹಣ್ಣು ತಿಂದು ದಿನಾ ದೂಡಾಕತ್ತಾಳ. ನೀ ಕಟ್ಟಿಕೊಟ್ಟ ರೊಟ್ಟಿ ಗಂಟು ಸುದ್ದಾ ಬಿಚ್ಚಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಎರಡು ದಿನ ಒಲೆಯ ಮುಂದೆ ಬೆಂದು ಖಡಕ್ ರೊಟ್ಟಿ ಬಡಿದವಳು ನಾನು. ಶೇಂಗಾದ ಹಿಂಡಿ, ಗುರೆಳ್ಳಿನ ಹಿಂಡಿ ಎಂದು ಚಟ್ನಿಪುಡಿ ಕುಟ್ಟಿದವಳು ನಾನು. ಇಲ್ಲಿ ಒಬ್ಬರು ಮುಟ್ಟುವುದಿಲ್ಲ, ಅಲ್ಲಿ ಒಬ್ಬರು ಮುಟ್ಟುವುದಿಲ್ಲ. ಫೋನು ಇಟ್ಟವಳೇ ಆ ಸಿಟ್ಟನ್ನೆಲ್ಲ ಒಯ್ದು ಆಯಿಯ ಮೇಲೆ ಸುರುವಿದೆ.

"ಎಷ್ಟಂತ ಹಠ ಮಾಡ್ತೀರಿ? ಲಿಂಗ ಏನ್ ಕಳದಿಲ್ಲಲ್ಲ. ಬರ್ತೈತಿ. ಅಲ್ಲಿತನಕ ಉಂಡ್ರ ಯಾರೇನ್ ಅಂತಾರ್ರಿ? ನಿಮಗೇನರ ಆದ್ರ ಮಂದಿ ನನ್ನ ಉಗುಳ್ತಾರ!"

ಆಯಿ ಸಿಟ್ಟಾಗಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಕೈ ಸನ್ನೆ ಮಾಡಿ ಹತ್ತಿರ ಕೂಡಿಸಿಕೊಂಡಳು.

"ಊಟದ್ದಲ್ಲವಾ," ಎಂದಳು. ದನಿ ಒಣಗಿತ್ತು. "ಈ ಬಿಸಲಾಗ ನಾ ಹೊಂಟ್ ಹ್ವಾದ್ರ ಕೈಯಾಗ ಏನ್ ಇಡ್ತೀರಿ?"

ನನಗೆ ಆಗ ತಿಳಿಯಿತು. ನಮ್ಮಲ್ಲಿ ಮಣ್ಣು ಮಾಡುವಾಗ ಕೂಡಿಸುತ್ತಾರೆ, ಎಡಗೈಯಲ್ಲಿ ಅವರವರ ಲಿಂಗ ಇಡುತ್ತಾರೆ. ಹುನಗುಂದದ ರಸ್ತೆಯ ಹೊಲದಲ್ಲಿ ಆಯಿಯ ಗಂಡ, ಅಜ್ಜ, ಹಾಗೆಯೇ ಕೂತಿದ್ದಾನೆ. ಅವನ ಪಕ್ಕದ ಜಾಗ ತನ್ನದೆಂದು ಆಯಿ ಎಂದೋ ಹೇಳಿಟ್ಟಿದ್ದಳು. ಹತ್ತಿಪ್ಪತ್ತು ವರ್ಷದಿಂದ ಸಾವಿಗೆ ತಯಾರಾಗಿ ಕೂತ ಹೆಂಗಸು ಅವಳು, ಉಡಿಸಬೇಕಾದ ಸೀರೆಯನ್ನೂ ತೆಗೆದಿಟ್ಟಿದ್ದಾಳೆ. ಈಗ ಕೈಗೆ ಬೇಕಾದದ್ದು ಮಾತ್ರ ಸಮುದ್ರ ದಾಟಿ ಹೋಗಿದೆ. ಖಾಲಿ ಕೈಯಲ್ಲಿ ಹೋಗುವ ಭಯ ಅದು. ನಾನು ಅವಳ ಕೈ ಹಿಡಿದುಕೊಂಡೆ. "ನೀವೆಲ್ಲಿ ಹೋಗ್ತೀರಿ, ಬಿಡ್ರಿ," ಎಂದೆ.

ಮರುದಿನ ನಸುಕಿನಲ್ಲಿ ಮಂಚದಿಂದ ಇಳಿಯಲು ಹೋಗಿ ಆಯಿಗೆ ಕಣ್ಣು ಕತ್ತಲೆ ಬಂತು. ನಾನು ಹಿಡಿದುಕೊಳ್ಳದಿದ್ದರೆ ಬಿದ್ದೇ ಬಿಡುತ್ತಿದ್ದಳು. ಡಾಕ್ಟರು ಮನೆಗೇ ಬಂದು ನಾಡಿ ನೋಡಿ, ನಾಲಿಗೆ ನೋಡಿ, ದವಾಖಾನೆಗೆ ತಂದು ಸಲೈನ್ ಹಚ್ಚಬೇಕೆಂದರು. "ಲಿಂಗ ಇಲ್ದ ನಾ ದವಾಖಾನಿಗೆ ಬರೂದಿಲ್ಲ," ಎಂದಳು ಆಯಿ. "ಅಲ್ಲೇ ಏನರ ಆದ್ರ?" ಸಂಜೆಯ ತನಕ ನೋಡಿ, ಆಮೇಲೆ ಎತ್ತಿಕೊಂಡಾದರೂ ಕರೆದುಕೊಂಡು ಬನ್ನಿ ಎಂದು ನಮಗೆ ಹೊರಗೆ ಹೇಳಿ ಡಾಕ್ಟರು ಹೋದರು. ಅವರನ್ನು ಬಿಟ್ಟುಬರಲು ನಮ್ಮ ಮನೆಯವರು ಹೋದರು.

ಮನೆಯಲ್ಲಿ ನಾನು ಮತ್ತು ಆಯಿ. ಎರಡು ಸಲ ಫೋನು ತೆಗೆದುಕೊಂಡೆ, ಎರಡು ಸಲ ಇಟ್ಟೆ. ಅತ್ತೆಯ ಬೂಟಿನ ಸಪ್ಪಳ ತಲೆಯ ಮೇಲೆ ಕೇಳಿದಂತಾಯಿತು. ಪಾಪ ಅನ್ನಿಸಿತು. ಆದರೆ ಮಂಚದ ಮೇಲೆ ಮಲಗಿದವಳೂ ಪಾಪವೇ ಅಲ್ಲವೆ? ಯಾರನ್ನೂ ಕೇಳದೆ ವಿಡಿಯೋ ಕಾಲ್ ಹಚ್ಚಿದೆ. ಇಲ್ಲಿ ಬಿಸಿಲು ನೆತ್ತಿಗೆ ಬರುತ್ತಿತ್ತು, ಅಲ್ಲಿ ಇನ್ನೂ ಬೆಳಗು.

ಅತ್ತೆ ಒಬ್ಬರೇ ಇದ್ದರು. ಮಾವ ನಾಷ್ಟಾಕ್ಕೆ ಕೆಳಗೆ ಹೋಗಿದ್ದಾರೆ ಎಂದರು. ಜಳಕವಾಗಿತ್ತು, ಹಣೆಯ ಮೇಲೆ ವಿಭೂತಿ ಇತ್ತು. ಮುಖ ಇಳಿದುಹೋಗಿತ್ತು. ನಾನು ಸುತ್ತಿ ಬಳಸಿ ಹೇಳಲಿಲ್ಲ.

"ಅತ್ತಿ, ನಿಮ್ಮ ಕೊಳ್ಳಾಗ ಇರೂದು ಆಯಿದ್ರಿ."

ಅವರು ಬೆಚ್ಚಲಿಲ್ಲ. ಕೈ ಎದೆಯ ಮೇಲೆ ಹೋಯಿತು, ಫೋಟೋಗಳಲ್ಲಿ ಇದ್ದ ಹಾಗೆಯೇ.

"ಗೊತ್ತೈತಿ," ಎಂದರು.

"ಯಾವಾಗ ಗೊತ್ತಾತ್ರಿ?"

"ವಿಮಾನ ಹತ್ತೂ ಮುಂದನ. ಅರಿವ್ಯಾಗ ಕಟ್ಟಿದ್ರೂ ಬಿಚ್ಚಿ ತೋರಸು ಅಂದ್ರು. ಬಿಚ್ಚಿದೆ. ನೋಡ್ತೇನಿ, ಅತ್ತಿಯಾರದು."

"ಆವಾಗನ ಒಂದ್ ಫೋನ್ ಮಾಡಬಾರದೇನ್ರಿ?" ನನ್ನ ದನಿ ಏರಿತು.

"ಅವರ ಕಣ್ಣು ಮಂದ ಅದಾವಲ್ಲ. ಗೊತ್ತಾಗೂದಿಲ್ಲ, ಪೂಜಿ ಮಾಡಿ ಉಂಡ್ಕೊಂತ ಇರ್ತಾರ ಅನಕೊಂಡೆ. ಹೇಳಿದ್ರ ಉಪಾಸ ಬೀಳ್ತಾರ." ಆಮೇಲೆ ತೆರೆಯ ಹತ್ತಿರ ಬಾಗಿದರು. "ಗೊತ್ತಾತೇನು ಅವರಿಗೆ?"

ನಾನು ಉತ್ತರ ಕೊಡುವ ಮೊದಲೇ ಮಂಚದ ಮೇಲಿಂದ ಆಯಿ ಕೈ ಚಾಚಿದಳು. "ತಾ ಇಲ್ಲಿ ಅದನ್ನ."

ಬೆನ್ನಿಗೆ ದಿಂಬು ಕೊಟ್ಟು ಕೂಡಿಸಿ, ಫೋನು ಕೈಗೆ ಕೊಟ್ಟೆ. ಅವಳು ಅದನ್ನು ಮೂಗಿನ ಹತ್ತಿರ ಹಿಡಿದು ಸೊಸೆಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಮೊದಲ ಮಾತು ಲಿಂಗದ್ದೇ ಇರುತ್ತದೆ, ಬೈಗುಳದಲ್ಲೇ ಇರುತ್ತದೆ ಎಂದು ನಾನು ಕಾದೆ.

"ನೀ ಉಂಡೀಯೇನು?" ಎಂದಳು ಆಯಿ.

ಅತ್ತೆ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡರು.

"ನಿನ್ನನ್ನ ಕೇಳಾಕತ್ತೇನಿ. ಉಂಡೀಯೇನು?"

"ಹಣ್ಣು ತಿಂದೇನ್ರಿ."

"ಹಣ್ಣು ಊಟೇನು?"

"ನಿಮ್ಮ ಲಿಂಗ ನನ್ನ ಕೊಳ್ಳಾಗ ಇಟಗೊಂಡು ನಾ ಹೆಂಗ ಉಣ್ಲಿರಿ, ಅತ್ತಿ?" ಎಂದರು ಅತ್ತೆ.

ಬಾಳೆಹಣ್ಣು, ಬಿಚ್ಚದ ರೊಟ್ಟಿಯ ಗಂಟು, ನಗದ ಮುಖ ಎಲ್ಲವೂ ನನಗೆ ಒಮ್ಮೆಲೇ ಅರ್ಥವಾಯಿತು. ನಾನು ಅವರ ಮೇಲೆ ಸಿಟ್ಟಾಗಿ ಪಾತ್ರೆ ಕುಕ್ಕಿದ್ದ ಹೊತ್ತಿನಲ್ಲಿ ಅವರು ಅಲ್ಲಿ ಊಟದ ಮೇಜಿನ ಮುಂದೆ ಹಸಿದು ಕೂತಿದ್ದರು. ನನಗೆ ಅಳು ಬಂತು. ಆಯಿಗೆ ಬರಲಿಲ್ಲ.

"ಹುಚ್ಚಿ," ಎಂದಳು. "ಸಾವಿರ ಮೈಲಿ ಉಪಾಸ ಬೀಳಾಕ ಹೋದಿಯೇನು? ಉಪಾಸ ಬೀಳಾಕ ಇಲ್ಲೇ ಜಾಗಾ ಇರ್ಲಿಲ್ಲೇನು?" ಸ್ವಲ್ಪ ದಮ್ಮು ಹಿಡಿದು, ನನ್ನ ಕಡೆ ತಿರುಗಿ, "ಜಗಲಿ ಮ್ಯಾಲಿಂದು ತಾ," ಎಂದಳು. ನಾನು ಅತ್ತೆಯ ಲಿಂಗದ ಗಂಟು ತಂದುಕೊಟ್ಟೆ. ಅವಳು ಅದನ್ನು ಬಿಚ್ಚಿ ತನ್ನ ಎಡಗೈಯಲ್ಲಿ ಇಟ್ಟುಕೊಂಡಳು. ಫೋನು ಹಿಡಿಯುವ ಕೆಲಸ ನನಗೆ ಬಂತು.

"ನೀನೂ ಬಿಚ್ಚು," ಎಂದಳು ಸೊಸೆಗೆ. "ನಂದಕ್ಕ ನೀ ಪೂಜಿ ಮಾಡು. ನಿಂದಕ್ಕ ನಾ ಮಾಡ್ತೇನಿ. ಆಮ್ಯಾಲ ಇಬ್ಬರೂ ಉಣ್ಣೂಣು."

"ಹಂಗ ಮಾಡಾಕ ಬರ್ತೈತೇನ್ರಿ?" ಅತ್ತೆ ಹೆದರಿದ್ದರು. "ಗುರು ಕೊಟ್ಟಿದ್ದು ಅವರವರಿಗೆ..."

"ಬರ್ತೈತೋ ಇಲ್ಲೋ ಮ್ಯಾಲ ಹೋದಾಗ ನಾ ಹೇಳ್ಕೊಂತೇನಿ. ಮದಲ ಹೋಗಾಕಿ ನಾನ ಅಲ್ಲ?"

ಅಲ್ಲಿ ಅತ್ತೆ ಹಾಸಿಗೆ ಬಿಟ್ಟು ನೆಲದ ಮೇಲೆ ಕೂತು ಗಂಟು ಬಿಚ್ಚಿದರು. ತೆರೆಯ ಮೇಲೆ ಆಯಿಯ ಲಿಂಗ ಕಂಡಿತು. ಇಷ್ಟು ದಿನ ಅದಕ್ಕಾಗಿ ಹಂಬಲಿಸಿದವಳು, ಫೋನು ಹತ್ತಿರ ತಾ, ನೋಡುತ್ತೇನೆ ಎನ್ನುತ್ತಾಳೆ ಅಂದುಕೊಂಡೆ. ಅನ್ನಲಿಲ್ಲ. ಅವಳ ಕಣ್ಣು ತನ್ನ ಅಂಗೈಯ ಮೇಲಿತ್ತು. ಹೆಬ್ಬೆಟ್ಟಿನಿಂದ ಸೊಸೆಯ ಲಿಂಗವನ್ನು ಒಮ್ಮೆ ಸವರಿ ವಿಭೂತಿ ಹಚ್ಚಿದಳು. ಇಬ್ಬರೂ ಪೂಜೆ ಮಾಡಿದರು. ನನ್ನ ಕೈ ಸೋತಿತು, ಆದರೂ ಅಲ್ಲಾಡಲಿಲ್ಲ.

ಪೂಜೆ ಮುಗಿದ ಮೇಲೆ ಆಯಿ ಆ ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ತನ್ನ ಕೊರಳಿಗೆ ಹಾಕಿಕೊಂಡಳು. ಆಮೇಲೆ ಫೋನಿನ ಕಡೆ ಬಾಗಿದಳು.

"ಇನ್ನೊಂದ್ ಮಾತು ಕೇಳು. ನೀ ಬರೂದ್ರಾಗ ನಾ ಹ್ವಾದ್ರ, ನಿಂದನ್ನ ನನ್ನ ಕೈಯಾಗ ಇಟ್ಟು ಮಣ್ಣು ಮಾಡ್ತಾರ. ಈಗ ಇಕಿ ಮುಂದನ ಹೇಳಿನಿ. ನಂದು ನಿನ್ನ ಕೊಳ್ಳಾಗ ಇರ್ಲಿ, ನಿನಗ ಆಗ್ತೈತಿ. ಅಳಕೋತ ಓಡಿ ಬರಬ್ಯಾಡ. ರೊಕ್ಕಾ ಕೊಟ್ಟು ಹೋಗೀದಿ, ನೋಡೂದೆಲ್ಲಾ ನೋಡ್ಕೊಂಡು ಬಾ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಹಂಗ ಅನಬ್ಯಾಡ್ರಿ, ಅತ್ತಿ," ಎಂದದ್ದು ಅರ್ಧ ಕೇಳಿತು, ಅರ್ಧ ಕೇಳಲಿಲ್ಲ.

"ಅಳೂದ್ ಸಾಕು. ಅಲ್ಲಿ ಏನೈತಿ ತಿನ್ನಾಕ?"

"ಬ್ರೆಡ್ಡು ಅದಾವ್ರಿ."

"ಬ್ರೆಡ್ಡರೆ ಬ್ರೆಡ್ಡು. ನನ್ನ ಕಣ್ಣ ಮುಂದ ತಿನ್ನು." ನನಗೆ, "ಏನ್ ನಿಂತಿ? ಗಂಗಾಳ ಹಚ್ಚು, ಹಸಿವ್ಯಾಗ್ಯಾವ," ಎಂದಳು.

ನಾನು ಓಡಿಹೋಗಿ ಮೆತ್ತಗಿನ ಅನ್ನಕ್ಕೆ ಹಾಲು ಹಾಕಿ ಕಲಸಿ ತಂದೆ. ಫೋನು ಇಡಲು ಆಯಿ ಬಿಡಲಿಲ್ಲ, ತಂಬಿಗೆಗೆ ಆನಿಸಿ ನಿಲ್ಲಿಸಲು ಹೇಳಿದಳು. ನಾನು ತುತ್ತು ಮಾಡಿ ಬಾಯಿಯ ಹತ್ತಿರ ಹಿಡಿದೆ. ಅವಳು ತುಟಿ ಬಿಗಿಹಿಡಿದು ತೆರೆಯನ್ನೇ ನೋಡುತ್ತಿದ್ದಳು. ಅಲ್ಲಿ ಅತ್ತೆ ಮೊದಲ ತುತ್ತು ಅಗಿದು ನುಂಗಿದ ಮೇಲೆಯೇ ಇಲ್ಲಿ ಆಯಿ ಬಾಯಿ ತೆರೆದಳು.